ಚಪ್ಪಡಿಯ ಅಡಿಯಲ್ಲಿದ್ದವನು

ಬೆಳಿಗ್ಗೆ ತಿಂಡಿಗೆ ಕೂತಿದ್ದಾಗ ಕಿಟಕಿಯ ಬಿಸಿಲು ನನ್ನ ಸ್ಟೀಲ್ ತಟ್ಟೆಯ ಅಂಚಿಗೆ ಬಿದ್ದು, ಅಲ್ಲಿಂದ ಚಿಮ್ಮಿ, ತಾರಸಿಯ ಒಳಮೈಯಲ್ಲಿ ಒಂದು ಬೆಳಕಿನ ಬಿಲ್ಲೆಯಾಗಿ ನಡುಗುತ್ತಿತ್ತು. ನನ್ನಂಥವನಿಗೆ ಮೊದಲು ಕಾಣುವುದು ಬೆಳಕಲ್ಲ, ಅದು ತೋರಿಸಿಕೊಟ್ಟ ಬಿರುಕು. ಈ ಮಳೆಗಾಲ ಕಳೆದೀತೇ, ಸಿಮೆಂಟು ಮೆತ್ತಿಸಬೇಕೇ, ಮೆತ್ತಲು ಬಂದವನು ಇನ್ನೆರಡು ಬಿರುಕು ಮಾಡಿ ಹೋದರೆ? ಉಪ್ಪಿಟ್ಟು ಆರುವಷ್ಟು ಹೊತ್ತು ಚಿಂತಿಸಿದೆ. ಅಷ್ಟರಲ್ಲಿ ಕೈ ತಾಗಿ ತಟ್ಟೆ ವಾಲಿತು. ಬೆಳಕು ಬಿರುಕನ್ನು ಬಿಟ್ಟು ನಿಧಾನಕ್ಕೆ ಆ ಮೂಲೆಯವರೆಗೂ ಹರಿದುಹೋಯಿತು. ಯಗಟಿಯ ದೊಡ್ಡಮ್ಮ ನೆನಪಾದಳು.

ದೊಡ್ಡಮ್ಮನಿಗೆ ಮುಂಚೆ ಲಿಂಗರಾಜು ಮೇಷ್ಟ್ರ ವಿಷಯ ನಿಮಗೆ ಹೇಳಿಬಿಡಬೇಕು. ಅವರು ಅಜ್ಜಂಪುರದವರು, ನನ್ನ ಸ್ನೇಹಿತರು, ಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತಾರೆ. ರಜೆ ಬಂತೆಂದರೆ ಸುತ್ತಲ ಮೂರು ತಾಲ್ಲೂಕುಗಳ ಹೊಲ, ಬೇಲಿ, ಕೆರೆ ಏರಿ, ಯಾರದೋ ಹಿತ್ತಿಲು ಎಲ್ಲ ತಿರುಗಿ, ಬಿದ್ದಿರುವ ಹಳೆಯ ಕಲ್ಲುಗಳನ್ನು ಹುಡುಕಿ, ಅಳತೆ ತೆಗೆದು, ಫೋಟೋ ಹಿಡಿದು, ಇಂಥದ್ದು ಇಲ್ಲಿದೆ ಎಂದು ಬರೆದಿಡುತ್ತಾರೆ. ಅಮೃತಾಪುರದಂಥ ಗುಡಿಯನ್ನು ನೋಡಿಕೊಳ್ಳುವವರಿದ್ದಾರೆ, ಬೇಲಿಯೊಳಗೆ ಸಿಕ್ಕಿಕೊಂಡ ಕಲ್ಲಿಗೆ ಯಾರಿದ್ದಾರೆ ಎನ್ನುವುದು ಅವರ ವಾದ. ಈ ಘನಕಾರ್ಯದಲ್ಲಿ ನನ್ನ ಪಾಲು ಸ್ಕೂಟರು. ಜೊತೆಗೆ, ಅಲ್ಲಿ ಹಾವಿರಬಹುದು, ಹೊಲದವರು ಬೈಯಬಹುದು, ಪೆಟ್ರೋಲು ಮುಗಿಯಬಹುದು ಎಂದು ಆಗಾಗ ಎಚ್ಚರಿಸುವುದು. ಮೇಷ್ಟ್ರು ಅದನ್ನು ಸ್ಕೂಟರಿನ ಸದ್ದಿನ ಜೊತೆಗೇ ಸೇರಿಸಿ ಸಹಿಸಿಕೊಂಡಿದ್ದಾರೆ.

ಕೆಲವು ವರ್ಷಗಳ ಹಿಂದೆ ಒಂದು ಬೇಸಿಗೆಯಲ್ಲಿ ಹೀಗೇ ತಿರುಗಿ, ಯಾವ ಕಲ್ಲೂ ಸಿಗದೆ, ಮಜ್ಜಿಗೆಯಾದರೂ ಸಿಗಲಿ ಎಂದು ದೊಡ್ಡಮ್ಮನ ಮನೆಗೆ ಹೋದೆವು. ಅವಳದು ಊರಾಚೆಯ ಮನೆ. ಪಕ್ಕದಲ್ಲಿ ಒಂದು ಹಳ್ಳ, ಹಳ್ಳದಾಚೆ ಕುರಿಹಟ್ಟಿ. ನಡುವೆ ಓಡಾಡಲು ಅಡ್ಡಕ್ಕೆ ಹಾಸಿದ ಒಂದೇ ಒಂದು ದೊಡ್ಡ ಚಪ್ಪಡಿ. ಮಾರನೆಯ ದಿನ ಜೇಸಿಬಿ ಬಂದು ಆ ಕಲ್ಲನ್ನು ಒಡೆದು ತೆಗೆದು, ಪೈಪು ಹಾಕಿ ಸಿಮೆಂಟಿನ ಮೋರಿ ಕಟ್ಟುತ್ತಾರೆ ಎಂದು ದೊಡ್ಡಮ್ಮ ಸಂಭ್ರಮದಲ್ಲೇ ಹೇಳಿದಳು. ಹೇಳುತ್ತ ಎದ್ದು, ಕುರಿ ಬಿಡಲು ಹೊರಟವಳು ಚಪ್ಪಡಿಯ ಹತ್ತಿರ ಬಂದಾಗ ಎರಡೂ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಆಚೆ ದಾಟಿ ಮತ್ತೆ ಮೆಟ್ಟಿಕೊಂಡಳು. ಇದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಚಪ್ಪಲಿ ಸವೆಯದಿರಲಿ ಎನ್ನುವ ಜಿಪುಣತನ ಅಂದುಕೊಂಡಿದ್ದೆ. ಮೇಷ್ಟ್ರು ಮಾತ್ರ ಮಜ್ಜಿಗೆ ಲೋಟ ಕೆಳಗಿಟ್ಟು ಯಾಕೆಂದು ಕೇಳಿದರು.

"ನಮ್ಮತ್ತೆ ಇಲ್ಲಿ ಚಪ್ಪಲಿ ಬಿಡೋರು. ಅವರತ್ತೇನೂ ಬಿಡೋರಂತೆ."

"ಅವರು ಯಾಕೆ ಬಿಡ್ತಿದ್ರು?"

"ಅದನ್ನೆಲ್ಲ ಕೇಳ್ಕೊಂಡು ಕೂತಿದ್ರೆ ಕುರಿ ಯಾರು ಕಾಯೋರು ಮೇಷ್ಟ್ರೇ?"

ಮೇಷ್ಟ್ರು ಒಣಹಳ್ಳಕ್ಕೆ ಇಳಿದು ಬಗ್ಗಿ ನೋಡಿದರು. ಆಮೇಲೆ ಅಂಗಾತ ಮಲಗಿ ತೆವಳಿಕೊಂಡು ಚಪ್ಪಡಿಯಡಿಗೆ ಹೋಗಿಬಿಟ್ಟರು. ಬಹಳ ಹೊತ್ತು ಸದ್ದಿಲ್ಲ. ಹಾವು ಕಚ್ಚಿತೆಂದೇ ತೀರ್ಮಾನಿಸಿ, ಅಜ್ಜಂಪುರಕ್ಕೆ ಹೋಗಿ ಅವರ ಹೆಂಡತಿಗೆ ಏನು ಹೇಳುವುದೆಂದು ಮಾತು ಜೋಡಿಸುತ್ತಿದ್ದೆ. ಒಳಗಿಂದ ಸಣ್ಣ ದನಿ ಬಂತು: "ಬನ್ನಿ. ಇಲ್ಲಿ ಯಾರೋ ಇದ್ದಾರೆ."

ಹೋದೆ. ಹೋದ ಮೇಲೆ ಹೆದರಿದೆ. ಮೊಬೈಲಿನ ಬೆಳಕಿಗೆ ಕಲ್ಲು ಬರೀ ಬೂದು ಬಣ್ಣವಾಗಿ ಕಂಡಿತು. ಬೆರಳಾಡಿಸಿದರೆ ಮಾತ್ರ ಏನೇನೋ ಉಬ್ಬು, ತಗ್ಗು. ಬಿಸಿಲನ್ನು ಓರೆಯಾಗಿ ಒಳಗೆ ಬಿಡಬೇಕು, ಒಂದು ಕನ್ನಡಿ ಇದ್ದರೆ ಎಂದು ಮೇಷ್ಟ್ರು ಕೂಗಿ ಹೇಳಿದರು. ಹಟ್ಟಿಯ ಬಾಗಿಲು ತೆಗೆದು ಬಂದಿದ್ದ ದೊಡ್ಡಮ್ಮ, ಕನ್ನಡಿ ಗೋಡೆಗೆ ಹೊಡೆದಿದೆ ಎಂದು ಊಟದ ತಟ್ಟೆಯನ್ನೇ ತಿಕ್ಕಿ ತಂದು, ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಬಿಸಿಲಿಗೆ ಹಿಡಿದು ವಾಲಿಸಿದಳು.

ಓದುಗರೇ, ಆ ಬೆಳಕು ಕಲ್ಲಿನ ಮೇಲೆ ಹರಿಯಿತು ನೋಡಿ. ಮೊದಲು ದನಗಳು ಬಂದವು, ಒಂದರ ಹಿಂದೊಂದು, ಕೊಂಬು ಕಿವಿಗಳ ಸಮೇತ. ಅವುಗಳ ಮುಂದೆ ಬಿಲ್ಲೆಳೆದು ನಿಂತ ಒಬ್ಬ ಗಂಡಸು. ಬೆಳಕು ಮೇಲಕ್ಕೆ ಸರಿಯಿತು: ಸತ್ತವನನ್ನು ಇಬ್ಬರು ದೇವಕನ್ಯೆಯರು ತೋಳು ಹಿಡಿದು ಎತ್ತಿಕೊಂಡು ಹೋಗುತ್ತಿದ್ದಾರೆ. ಇನ್ನೂ ಮೇಲೆ ಅವನೇ, ಶಿವಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ಮೂಗು ಸವೆದಿಲ್ಲ, ಕಣ್ಣು ಸವೆದಿಲ್ಲ. ಮಳೆ ಬಿಸಿಲು ಕಾಣದೆ, ನಿನ್ನೆ ಕೆತ್ತಿದಂತೆ. ಊರಿನ ದನ ಕದ್ದವರ ಮೇಲೆ ಬಿದ್ದು ಸತ್ತವನೊಬ್ಬನ ವೀರಗಲ್ಲು ಅದು. ಅಷ್ಟರಲ್ಲಿ ಹಟ್ಟಿಯಿಂದ ಹೊರಟ ಕುರಿಗಳು ಚಪ್ಪಡಿ ಏರಿದವು. ಅವುಗಳ ಗೊರಸಿನ ಸದ್ದು ಮಳೆಯಂತೆ ನಮ್ಮ ಮೇಲಿಂದ ಹೋಯಿತು. ಕೆಳಗೆ ಅವನು ಕೈಮುಗಿದೇ ಇದ್ದ. ಕಲ್ಲು ಕುಸಿದರೇನು ಗತಿ ಎಂದು ನಾನು ಯೋಚಿಸಲಿಲ್ಲ. ನನ್ನ ಮಟ್ಟಿಗೆ ಅದೂ ಒಂದು ಪವಾಡವೇ.

ಯಾವ ಕಾಲದಲ್ಲೋ ದಾಟಲು ಕಲ್ಲಿಲ್ಲದೆ ಯಾರೋ ಇದನ್ನೇ ತಂದು ಹಾಸಿದ್ದಾರೆ. ಮನಸ್ಸು ಚುಚ್ಚಿರಬೇಕು. ಮುಖದ ಮೇಲೆ ಕಾಲು ಬೀಳಬಾರದೆಂದು ಮಗುಚಿ ಹಾಸಿದ್ದಾರೆ, ಬರಿಗಾಲಲ್ಲಿ ದಾಟಿ ಎಂದು ಮನೆಯವರಿಗೆ ಹೇಳಿದ್ದಾರೆ. ಬರುಬರುತ್ತ ಅವನು ಯಾರೆಂಬುದು ಮರೆಯಿತು, ಅಡಿಯಲ್ಲಿದ್ದಾನೆ ಎಂಬುದೂ ಮರೆಯಿತು. ಅತ್ತೆಯಿಂದ ಸೊಸೆಗೆ ಬಂದ ಆ ಬರಿಗಾಲು ಮಾತ್ರ ಮರೆಯಲಿಲ್ಲ.

ಮಾರನೆಯ ದಿನ ಜೇಸಿಬಿ ಬಂತು. ಫೋಟೋಗಳೇನೋ ಆಗಿದ್ದವು, ಕಲ್ಲು ಉಳಿಯಬೇಕಲ್ಲ. ಮೇಷ್ಟ್ರು ಡ್ರೈವರನ ಕೈ ಹಿಡಿದುಕೊಂಡರು. ಒಡೆಯುವ ಬದಲು ಎತ್ತಿ ನಿಲ್ಲಿಸುತ್ತೇನೆ, ಮುರಿದರೆ ನನ್ನನ್ನು ಕೇಳಬೇಡಿ ಎಂದ ಅವನು. ಸರಪಳಿ ಕಚ್ಚಿದರೆ ಕೆತ್ತನೆ ಉದುರುತ್ತದೆ ಎಂದು ಮೇಷ್ಟ್ರು ಚಡಪಡಿಸುವಾಗ ದೊಡ್ಡಮ್ಮ ಮನೆಯ ಕಂಬಳಿಗಳನ್ನೆಲ್ಲ ಹೊತ್ತು ತಂದಳು. ಅದರಲ್ಲಿ ತೀರಿಹೋದ ದೊಡ್ಡಪ್ಪ ಹೊದೆಯುತ್ತಿದ್ದದ್ದೂ ಇತ್ತು. ಅದೊಂದು ಬೇಡ ಎಂದೆ.

"ಸುಮ್ನಿರೋ. ಕಂಬಳಿ ಇರೋದೇ ಮೈ ಮುಚ್ಚೋಕೆ."

ಕಂಬಳಿ ಸುತ್ತಿದ ಕಲ್ಲು ಮೇಲೆದ್ದಿತು, ಗಾಳಿಯಲ್ಲಿ ಒಮ್ಮೆ ಓಲಾಡಿತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅದು ಬದುವಿನ ಮೇಲೆ ನೆಟ್ಟಗೆ ನಿಂತಿತ್ತು. ಮೇಷ್ಟ್ರು ಕಂಬಳಿಗಳನ್ನು ಬಿಚ್ಚುತ್ತಿದ್ದರು. ಅವನ ಮುಖಕ್ಕೆ ಬಿಸಿಲು ಬಿತ್ತು. ಡ್ರೈವರ್ ಇಂಜಿನ್ ಆರಿಸಿ, ತಲೆಗೆ ಸುತ್ತಿದ್ದ ಟವೆಲ್ ತೆಗೆದ. ಮದುವೆಯಾಗಿ ಬಂದಂದಿನಿಂದ ಅದರ ಮೇಲೆ ನಡೆದ ದೊಡ್ಡಮ್ಮ ಹತ್ತಿರ ಹೋಗಿ, ಕಣ್ಣು ಕಿರಿದು ಮಾಡಿ, ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇಷ್ಟು ವರ್ಷ ಇವನ ಬೆನ್ನ ಮೇಲೇ ಓಡಾಡಿದೀವಲ್ಲೋ," ಎಂದಳು. ಬಗ್ಗಿ ಕೆಳಗಿನ ಸಾಲಿನ ದನಗಳನ್ನು ಮುಟ್ಟಿ, "ದನ ಚೆನ್ನಾಗಿ ಮೇಯ್ಸವ್ನೆ ಕಣೋ," ಎಂದಳು.

ಮೊನ್ನೆ ಹೋಗಿದ್ದೆ. ಮೋರಿ ಗಟ್ಟಿಯಾಗಿದೆ. ಕಲ್ಲು ಬದುವಿನ ಮೇಲಿದೆ. ಈಗ ಅದಕ್ಕೆ ಮಳೆ ಹೊಡೆಯುತ್ತದಲ್ಲ ಎಂಬ ಹೊಸ ಚಿಂತೆ ನನಗೆ. ಮೇಷ್ಟ್ರು ಮೇಲೊಂದು ಮಾಡು ಹಾಕಿಸಲು ಓಡಾಡುತ್ತಿದ್ದಾರೆ. ದೊಡ್ಡಮ್ಮ ಮೋರಿಯ ಹತ್ತಿರ ಬಂದಳು, ಚಪ್ಪಲಿ ಕಳಚಿ ಕೈಗೆತ್ತಿಕೊಂಡಳು.

"ದೊಡ್ಡಮ್ಮ, ಈಗ ಅಡೀಲಿ ಏನೂ ಇಲ್ಲ. ಬರೀ ಪೈಪು."

"ಆಗ ಇತ್ತು ಅಂತ ಗೊತ್ತಿತ್ತೇನೋ?"

ಉಪ್ಪಿಟ್ಟು ಮುಗಿಸಿ, ಬಿರುಕನ್ನು ಬಿರುಕಿನ ಪಾಡಿಗೆ ಬಿಟ್ಟು, ತರೀಕೆರೆಯ ಬಸ್ಸಿಗೆ ಹೊರಟೆ. ನಮ್ಮ ಮನೆಯ ಮುಂದಿನ ಚರಂಡಿಗೂ ಒಂದು ಹಳೆಯ ಚಪ್ಪಡಿ ಹಾಸಿದೆ. ಕಡೂರಿಗೆ ಬಂದಂದಿನಿಂದ ಅದರ ಮೇಲೆ ದಡದಡ ಓಡಾಡಿದ್ದೇನೆ. ಇವತ್ತು ಕಾಲು ನಿಂತಿತು. ಅತ್ತಿತ್ತ ನೋಡಿ, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದೆ.

"ಏನ್ ಸಾರ್, ಚಪ್ಪಲಿ ಕಿತ್ತೋಯ್ತಾ?" ಎಂದರು ಎದುರುಮನೆಯವರು.

ಹೌದು ಎಂದೆ. ಅಂಗಾಲಿಗೆ ಕಲ್ಲು ತಣ್ಣಗಿತ್ತು.