ನೆಂಟರಿಗೆ ಕೊಡುವ ನೀರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನರಿಕೊಂಬಿನ ಬೀಬಿಯವರ ಅಡುಗೆಮನೆಯಲ್ಲಿ ಮೋಹಿನಿ ಮಣೆ ಹಾಕಿ ಕುಳಿತಿದ್ದಾರೆ. ಚೀಲದಲ್ಲಿ ಖಾಲಿ ಬಾಟಲಿ, ಉಗುರು ಕತ್ತರಿ, ಕಾಗದದ ಲಕೋಟೆ. ಅವರ ಕೆಲಸ ನೋಡಲು ನಾನೂ ಜೊತೆಗೆ ಬಂದಿದ್ದೇನೆ.

"ನನ್ನ ಉಗುರು ಕೊಂಡುಹೋಗಿ ಮಾಟ ಮಾಡ್ಲಿಕ್ಕುಂಟಾ?" ಬೀಬಿ ಕೆಣಕುತ್ತಾರೆ.

"ಮಾಟ ಗೊತ್ತಿದ್ರೆ ಈ ಕತ್ತಲಲ್ಲಿ ಟಾರ್ಚ್ ಹಿಡ್ಕೊಂಡು ಬರ್ತಿದ್ದೆನಾ ಬೀಬಿಯಕ್ಕಾ? ಕಾಲು ಚಾಚಿ."

ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಇದ್ದರೆ ದೇಹಕ್ಕೆ ಏನಾಗುತ್ತದೆ? ಇದನ್ನು ತಿಳಿಯಲು ಸಂಶೋಧಕರ ತಂಡವೊಂದು ಬಂಟ್ವಾಳ, ವೇಣೂರು, ಪುತ್ತಿಗೆಯ ಕಡೆ ನೀರು ಮತ್ತು ಉಗುರು ಪರೀಕ್ಷಿಸುತ್ತಿದೆ. ಆರ್ಸೆನಿಕ್‌ಗೆ ಬಣ್ಣವಿಲ್ಲ, ರುಚಿಯಿಲ್ಲ. ತಿಂಗಳುಗಳ ಹಿಂದೆ ಕುಡಿದದ್ದು ಉಗುರಿನಲ್ಲಿ ಉಳಿದಿರುತ್ತದೆ. ನೀರು, ಉಗುರುಗಳನ್ನು ಮನೆಮನೆಯಿಂದ ತರುವವರು ಮೋಹಿನಿ. ಮೊದಲು ಬೀಡಿ ಕಟ್ಟುತ್ತಿದ್ದರು. ಈಗ ದಿನಕ್ಕೆ ನಾಲ್ಕೈದು ಮನೆ. ಕೆಲವರು ಗೇಟಿನಿಂದಲೇ ವಾಪಸು ಕಳುಹಿಸುತ್ತಾರೆ. ನೀರು ಕೆಟ್ಟದ್ದೆಂದು ಊರಿಗೆ ಗೊತ್ತಾದರೆ ಮಗಳಿಗೆ ಸಂಬಂಧ ಬಾರದು ಎಂಬ ಹೆದರಿಕೆ.

ಬೀಬಿಯವರ ಅಂಗೈಯಲ್ಲಿ ಅಕ್ಕಿಕಾಳಿನಂಥ ಗಡಸು ಗಂಟುಗಳಿವೆ. ಕಳೆದ ವರ್ಷ ಈ ಮನೆಯ ನೀರು ಚೊಕ್ಕ ಎಂದು ವರದಿ ಬಂತು. ಉಗುರಿನಲ್ಲಿ ಮಾತ್ರ ಆರ್ಸೆನಿಕ್ ಇತ್ತು. ಹಾಗಾದರೆ ಅದು ಬಂದದ್ದೆಲ್ಲಿಂದ? ತಂಡಕ್ಕೆ ತಿಳಿಯಲಿಲ್ಲ. ಬೀಬಿ, ಮೊಮ್ಮಗಳು ಶಬ್ನಾ ಎಂದಿನ ನೀರನ್ನೇ ಕುಡಿಯುತ್ತಿದ್ದರು.

"ಬರ್ತೇನೆ ಅಂತ ಹಿಂದಿನ ದಿನ ಫೋನ್ ಮಾಡಿದ್ದೇ ನನ್ನ ತಪ್ಪು," ಎನ್ನುತ್ತಾರೆ ಮೋಹಿನಿ. "ಬೆಲ್ಲ ಕೊಟ್ರು, ನೀರು ಕೊಟ್ರು. ಅದೇ ಕೊಡಪಾನದಿಂದ ಬಾಟ್ಲಿಗೂ ತುಂಬಿಸಿದ್ರು."

ಅದು ಮೋಹಿನಿ ಬರುತ್ತಾರೆಂದು ಪಕ್ಕದ ಮನೆಯ ಬಾವಿಯಿಂದ ತಂದಿಟ್ಟ ನೀರು. ಬೀಬಿಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. "ಮನೆಗೆ ಬಂದವರಿಗೆ ಆ ಬೋರಿನ ನೀರು ಕೊಡ್ಲಿಕ್ಕಾಗ್ತದಾ? ಅದು ನಮಗೆ."

ಮುಂದಿನ ಸಲ ಮೋಹಿನಿ ಹೇಳದೆ ಬಂದರು. ಮನೆಯ ಬೋರ್‌ವೆಲ್ ನೀರಿನಲ್ಲಿ ಆರ್ಸೆನಿಕ್ ಮಿತಿ ಮೀರಿತ್ತು. ಗಂಟುಗಳಿಗೆ ಅದೇ ಕಾರಣವೇ ಎಂಬುದು ಇನ್ನೂ ಖಚಿತವಾಗಿಲ್ಲ. ಅಂದಿನಿಂದ ಈ ಮನೆಯವರೂ ಬಾವಿಯ ನೀರು ಕುಡಿಯುತ್ತಾರೆ. ಉಗುರಿನಲ್ಲಿ ಆರ್ಸೆನಿಕ್ ಇಳಿದಿದೆಯೇ ಎಂದು ನೋಡಲು ಮೋಹಿನಿ ಇಂದು ಬಂದಿದ್ದಾರೆ.

ಲಕೋಟೆ ಅಂಟಿಸುತ್ತಿದ್ದವರು ತಟ್ಟನೆ ತಲೆ ಎತ್ತುತ್ತಾರೆ. ಬೀಬಿ ಶಬ್ನಾಳ ಗಂಜಿಗೆ ನಲ್ಲಿಯಿಂದ ನೀರು ಹಿಡಿಯುತ್ತಿದ್ದಾರೆ.

"ಅದು ಬೋರಿಂದಲ್ವಾ?"

"ಕುಡೀಲಿಕ್ಕೆ ಬಾವಿಯದ್ದೇ ಮಾರಾಯ್ತಿ. ಇದು ಕುದಿತದಲ್ಲ!"

"ಕುದಿಸಿದ್ರೆ ಅದು ಹೋಗುದಿಲ್ಲ ಬೀಬಿಯಕ್ಕಾ. ನೀರು ಬತ್ತಿದ ಹಾಗೆ ಹೆಚ್ಚಾಗ್ತದೆ."

ಬೀಬಿ ಒಂದು ಕ್ಷಣ ಪಾತ್ರೆಯನ್ನು ನೋಡುತ್ತಾರೆ. ನೀರನ್ನು ಹಿತ್ತಲಿಗೆ ಚೆಲ್ಲಿ ಬರುತ್ತಾರೆ. ಕೊಡಪಾನ ಬಗ್ಗಿಸಿ ಮೊದಲು ಗಂಜಿಗೆ, ಆಮೇಲೆ ಮೋಹಿನಿಯ ಲೋಟಕ್ಕೆ ಸುರಿಯುತ್ತಾರೆ.

ನಿಮಗೇನು ಆಸೆ ಎಂದು ಹಿಂತಿರುಗುವ ದಾರಿಯಲ್ಲಿ ಮೋಹಿನಿಯನ್ನು ಕೇಳಿದೆ.

"ನಾನು ಬಂದೆ ಅಂತ ಯಾರೂ ಬೇರೆ ನೀರು ತರ್ಬಾರ್ದು. ಅವರು ಕುಡಿಯುದನ್ನೇ ನನಗೂ ಕೊಡ್ಬೇಕು. ನಾನು ಅದನ್ನು ಹೆದರದೆ ಕುಡೀಬೇಕು."