ಬೆಲ್ಟಿನ ತಕರಾರು

ನಮ್ಮ ಬನಹಟ್ಟಿಯ ಗ್ಯಾರೇಜೊಂದರ ಬಾಗಿಲಲ್ಲಿ ಇವತ್ತು ಕಾರಿನ ಹಳೇ ಟೈಮಿಂಗ್ ಬೆಲ್ಟುಗಳನ್ನು ಮೊಳೆಗೆ ತೂಗುಹಾಕಿದ್ದು ಕಂಡಿತು. ನಿಮಗದು ಕಸ. ನಾನು ಮಾತ್ರ ಕಾರು ನಿಲ್ಲಿಸಿ ನೋಡಿದೆ.

ನಮ್ಮದು ಪವರ್‌ಲೂಮಿನ ಮನೆ. ಮಗ್ಗದ ಬೆಲ್ಟು ಸವೆಯುವ ಮೊದಲೇ ಬದಲಿಸುವ ಶಾಣ್ಯಾ ನಾನು. ಅಂಥವನು ಜಮಖಂಡಿಯಲ್ಲಿ ಹಳೇ ಕಾರು ಕೊಳ್ಳುವಾಗ ಒಂದು ಶಬ್ದ ನಂಬಿ ಬಂದೆ. ಕೊಂಡದ್ದು ಶೋಕಿಗಲ್ಲ. ಬೀಳಗಿಯಲ್ಲಿ ಒಬ್ಬಳೇ ಇದ್ದ ಶಾಂತಕ್ಕನ ಕಿಡ್ನಿ ಕೈಕೊಟ್ಟಿದ್ದವು. ನನ್ನನ್ನು ಎತ್ತಿ ಆಡಿಸಿದ ಅಕ್ಕ ಡಯಾಲಿಸಿಸ್‌ಗೆಂದು ಜಮಖಂಡಿಗೆ ಬಸ್ಸಿನಲ್ಲಿ ನಿಂತು ಬರುವುದನ್ನು ನೋಡಲಾಗುತ್ತಿರಲಿಲ್ಲ.

ಕಾರು ಮಾರುವ ದುಂಡಪ್ಪನವರಿಗೆ, "ಬೆಲ್ಟ್ ಬದಲಿ ಮಾಡೂ ಹೊತ್ತು ಮೀರೈತಿ ಅಂತಾರಲ್ರಿ, ಅದೊಂದು ಕೆಲಸ..." ಅಂದೆ.

"ಆತ್ರಿ," ಅಂದರು.

ನಮ್ಮ ಕಡೆ ಕೆಲಸ ಮುಗಿದರೂ ಆತ್ರಿ, ಸರಿ ಮಾಡೋಣ ಅನ್ನುವುದಕ್ಕೂ ಆತ್ರಿ. ನಾನು ಮುಗಿದಿದೆ ಎಂದು ತಿಳಿದು ಕೀಲಿಕೈ ಇಸಿದುಕೊಂಡೆ.

ಕೆಲವು ದಿನ ಅಕ್ಕ ಆ ಕಾರಿನಲ್ಲಿ ಕಾಲು ಚಾಚಿ ಕೂತಳು. "ಲೇ, ನಾ ಸಾವ್ಕಾರ್ತಿ ಆದ್ನಲ್ಲೋ," ಎಂದು ನಗುತ್ತಿದ್ದಳು. ಆಮೇಲೊಂದು ಮಧ್ಯಾಹ್ನ, ಅವಳಿಗೆ ಉಸಿರಾಡಲು ಆಗುತ್ತಿಲ್ಲವೆಂದು ನೆರೆಮನೆಯವರ ಫೋನು. ಹೊರಟೆ. ಜಮಖಂಡಿ ದಾಟಿದ ಮೇಲೆ, ಕಬ್ಬಿನ ಟ್ರ್ಯಾಕ್ಟರುಗಳ ನಡುವೆ, ಕಾರು ಸುಮ್ಮನೆ ನಿಂತುಬಿಟ್ಟಿತು. ಇಂಜಿನ್ನಿನ ಆ ಟೈಮಿಂಗ್ ಬೆಲ್ಟೇ ಹರಿದಿತ್ತು. ಯಾರದೋ ಬೈಕಿನಲ್ಲಿ ತಲುಪುವಷ್ಟರಲ್ಲಿ ಅಕ್ಕ ಹೋಗಿದ್ದಳು. ನೆರೆಯವರು ಬೇರೆ ಗಾಡಿ ಕರೆಯುತ್ತೇವೆ ಅಂದರೆ ಅವಳೇ ಬೇಡವೆಂದಳಂತೆ. "ನಮ್ಮ ತಮ್ಮ ಕಾರ್ ತರ್ತಾನ," ಅಂದಳಂತೆ.

ಅಕ್ಕನ ದಿನಕರ್ಮ ಮುಗಿದದ್ದೇ ದುಂಡಪ್ಪನವರ ಅಂಗಡಿಗೆ ಜಗಳಕ್ಕೆ ಹೋದೆ. ಒಮ್ಮೆಯಲ್ಲ, ಮತ್ತೆ ಮತ್ತೆ ಹೋದೆ. ಎದುರಿನ ಚಹಾದಂಗಡಿಯವರಿಗೆ ಪುಕ್ಕಟೆ ನಾಟಕ.

"ಆತು ಅಂದಿದ್ರಿ ನೀವು."

"ಅಂದೀನ್ರಿ. ಗಾಡಿ ತರ್ರಿ, ಮಾಡಿಸೂಣು ಅನ್ನೂ ಅರ್ಥದಾಗ ಅಂದೆ. ಆಗೇತಿ ಅಂದಿಲ್ಲಲ್ರಿ."

ಮೋಸಗಾರ ಎಂದು ಕೂಗಿದೆ. ಒಮ್ಮೆ ಹಾಗೆ ಕೂಗುವಾಗಲೇ ಅಕ್ಕನ ವಿಷಯವೂ ಬಾಯಿಂದ ಬಂತು.  ಮರುದಿನ, ಸಾವಾದ ಮನೆಗೆ ಮಾತಾಡಿಸಲು ಬರುವ ನಮ್ಮ ಪದ್ಧತಿಯಂತೆ, ದುಂಡಪ್ಪನವರು ಮನೆಗೇ ಬಂದು ಬಾಗಿಲ ಬಳಿ ಕೂತರು. "ಮೋಸ ಮಾಡಾಕ ಅಂದಿದ್ದಲ್ರಿ ಅದು," ಎಂದಷ್ಟೇ ಹೇಳಿ, ಕಾರು ಎಳೆಸಿಕೊಂಡು ಹೋಗಿ ರಿಪೇರಿ ಮಾಡಿಸಿ ತಂದು ನಿಲ್ಲಿಸಿದರು.

ಅವರು ಮೋಸಗಾರರಾಗಿದ್ದರೆ ಚೆನ್ನಾಗಿತ್ತು. ಬಯ್ದುಕೊಂಡು ಹೇಗೋ ಇರಬಹುದಿತ್ತು. ಈಗ ಸಿಟ್ಟನ್ನು ಇಡಲು ಜಾಗವೇ ಇಲ್ಲ, ಕಾರು ಮಾತ್ರ ಛಲೋ ಓಡುತ್ತದೆ.

ಇವತ್ತು ನೂಲು ತರಲು ಜಮಖಂಡಿಗೆ ಹೋದವನು, ಏನನ್ನಿಸಿತೋ, ದುಂಡಪ್ಪನವರ ಅಂಗಡಿ ಮುಂದೆ ನಿಲ್ಲಿಸಿದೆ. ಇಬ್ಬರೂ ಚಹಾ ಕುಡಿದೆವು. ಏಳುವಾಗ ಅವರು ಮಾತಿಗೆಂದು ಕೇಳಿದರು:

"ಬೀಳಗಿ ಕಡೆ ಹೊಂಟೀರೇನ್ರಿ?"

"ಇಲ್ರಿ," ಅಂದೆ. "ಅಲ್ಲಿ ಯಾರ ಅದಾರ್ರಿ ಈಗ."