ಗಂಗಣ್ಣ ತೇದ ಹೆಡ್ಡು

ಗಂಗಣ್ಣ, ನಂಜಪ್ಪನವರ ಟ್ಯಾಕ್ಸಿಯ ಇಂಜಿನ್ ಕೆಡಿಸಿದವನು ನಾನು, ನೀವಲ್ಲ. ಐದು ವರ್ಷದಿಂದ, ನಿಮ್ಮನ್ನು ಬಿಟ್ಟರೆ, ಇದು ನನಗೊಬ್ಬನಿಗೇ ಗೊತ್ತು.

ಕುರುಬರಹಳ್ಳಿಯ ನಿಮ್ಮ ಶೆಡ್ಡಿನಲ್ಲಿ ಇಂಜಿನ್ನಿನ ಮೇಲುಮುಚ್ಚಳ, ಆ ಹೆಡ್ಡು, ಬಿಚ್ಚಿ ಅದರ ಸೊಟ್ಟ ತೇದು ಕೂರಿಸಿ, ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟ ಮೇಲೆ ನೀವು ಹೇಳಿದ್ದು ಇಷ್ಟೇ: "ಇನ್ಮೇಲೆ ತೊಂಬತ್ಮೂರು ಆಕ್ಟೇನ್ ಪೆಟ್ರೋಲೇ ಹಾಕ್ಸಿ ಯಜಮಾನ್ರೇ. ಎಂಬತ್ಮೂರು ಹಾಕಿದ್ರೆ ಇಂಜಿನ್ ಕಟಕಟ ಬಡಿಯುತ್ತೆ." ತೊಂಬತ್ಮೂರು ದುಬಾರಿ. ನಂಜಪ್ಪನವರು ನನ್ನ ಕಡೆ ತಿರುಗಿದರು. "ನೀನು ಬಿಎಸ್ಸಿ ಮಾಡಿದೋನು, ನೋಡಪ್ಪ."

ನಮ್ಮ ವಂಶದಲ್ಲಿ ಕಾಲೇಜು ಮುಗಿಸಿದವನು ನಾನೊಬ್ಬನೇ. ಬೀದಿಯವರ ಅರ್ಜಿ, ತಂತಿ, ಔಷಧಿ ಚೀಟಿ — ಎಲ್ಲ ನನ್ನ ಮುಂದೆಯೇ ಬರುತ್ತಿದ್ದವು. ಗೊತ್ತಿಲ್ಲ ಎನ್ನುವ ಅಭ್ಯಾಸವೇ ತಪ್ಪಿಹೋಗಿತ್ತು. ಕಾರಿನ ಪುಸ್ತಕ ತೆರೆದು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿದೆ. "ಕಂಪನಿಯವರೇ ಎಂಬತ್ಮೂರು ಸಾಕು ಅಂದಿದಾರೆ. ಗಂಗಣ್ಣನ ಕಿವಿ ಕಂಪನಿಗಿಂತ ದೊಡ್ಡದಾ?"

ನಂಜಪ್ಪನವರು ನಕ್ಕರು. ನೀವೂ ನಕ್ಕಿರಿ. "ಪುಸ್ತಕ ಬರೆದೋರು ನಾನು ತೇದಿರೋ ಹೆಡ್ಡು ನೋಡಿಲ್ವಲ್ಲ ಸ್ವಾಮಿ."

ಆ ಮಾತು ಕೊರೆಯಿತು. ಲೈಬ್ರರಿಗೆ ಹೋದೆ. ಹೆಡ್ಡು ತೇದರೆ ಒಳಗಿನ ಜಾಗ ಕಿರಿದಾಗುತ್ತದೆ, ಒತ್ತಡ ಏರುತ್ತದೆ, ಕಡಿಮೆ ಆಕ್ಟೇನ್ ಪೆಟ್ರೋಲು ತಡೆಯಲಾರದೆ ತಾನೇ ಸಿಡಿಯುತ್ತದೆ — ನೀವು ಹೇಳಿದ್ದೇ ಅಲ್ಲಿ ಅಚ್ಚಾಗಿತ್ತು. ರಾಜಾಜಿನಗರದ ನಮ್ಮ ಬೀದಿಯಲ್ಲಿ ನಂಜಪ್ಪನವರದು ನಮ್ಮಿಂದ ನಾಲ್ಕನೇ ಮನೆ. ದಿನಾ ಬೆಳಿಗ್ಗೆ ಎಂಬತ್ಮೂರನ್ನೇ ಹಾಕಿಸಿಕೊಂಡ ಆ ಕಾರು ಏರಿನಲ್ಲಿ ಕಟಕಟ ಎನ್ನುತ್ತ ಹೋಗುವುದು ಕೇಳುತ್ತಿತ್ತು. ಹೇಳಬೇಕು — ಇವತ್ತು ಬೇಡ, ನಾಳೆ — ಹೀಗೆ ಹನ್ನೊಂದು ದಿನ.

ಹನ್ನೆರಡನೆಯ ದಿನ ಕೆಂಗೇರಿಯ ಹತ್ತಿರ ಪಿಸ್ಟನ್ ತೂತಾಯಿತು.

ಬೀದಿಯವರೆಲ್ಲ ಸೇರಿದಾಗ ನೀವು ನನ್ನನ್ನೇ ನೋಡಿದಿರಿ. "ಓದಿದೋರು ನೀವು. ನೀವೇ ಹೇಳಿ ಸ್ವಾಮಿ, ತಪ್ಪು ಯಾರ್ದು?"

ನಾನು — ಎಲ್ಲ ತಿಳಿದಿದ್ದ ನಾನು — "ಹೆಡ್ಡು ಜಾಸ್ತಿ ತೇದುಬಿಟ್ಟಿದೀರಿ ಅನ್ಸುತ್ತೆ" ಅಂದೆ.

ನೀವು ಕೈ ಒರೆಸಿಕೊಂಡು ಹೊರಟಿರಿ. ಆಮೇಲೆ ನಮ್ಮ ಕಡೆಯ ಒಂದು ಕಾರೂ ನಿಮ್ಮಲ್ಲಿಗೆ ಬರಲಿಲ್ಲ. ಯುಗಾದಿ ಹೊತ್ತಿಗೆ ಶೆಡ್ಡಿಗೆ ಬೀಗ. ಈಗ ಉಲ್ಲಾಳದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತೀರಂತೆ. ಆ ಕಿವಿ ಇಟ್ಟುಕೊಂಡು...

ಈ ಕಾಗದ ನಿಮಗೆ ಓದಲು ಬರುವುದಿಲ್ಲ. ನಾನೇ ಬಂದು ಓದುತ್ತೇನೆ. ಅದಕ್ಕೆ ಮುಂಚೆ ನಾಲ್ಕನೇ ಮನೆಗೆ ಹೋಗಬೇಕು. ನಂಜಪ್ಪನವರು ಜಗಲಿಯ ಮೇಲೆ ಕೂತಿರುವುದು ಇಲ್ಲಿಂದಲೇ ಕಾಣುತ್ತಿದೆ. ಚಪ್ಪಲಿ ಮೆಟ್ಟಿಕೊಂಡೇ ಬರೆಯುತ್ತಿದ್ದೇನೆ.